ಮಂಜಿನಡಿಯ ಸುರುಳಿಗಳು

ಹಾಕಿ ಎಂದೊಡನೆ ನಮ್ಮವರ ಕಣ್ಣೆದುರು ಬರುವುದು ಹಸುರು ಮೈದಾನ, ಧ್ಯಾನ್‌ಚಂದರ ಕೈಚಳಕ, ಕೊಡಗಿನ ಮನೆತನಗಳ ಪಂದ್ಯಗಳು. ಆದರೆ ಭೂಮಿಯ ಉತ್ತರದ ಶೀತದೇಶಗಳಲ್ಲಿ, ಅದರಲ್ಲೂ ಕೆನಡಾದಲ್ಲಿ, ಬರಿದೇ ಹಾಕಿ ಎಂದರೆ ಅರ್ಥ ಬೇರೆ. ಹೆಪ್ಪುಗಟ್ಟಿದ ನೀರಿನ ಮೇಲೆ, ಉಕ್ಕಿನ ಅಲಗುಳ್ಳ ಬೂಟು ತೊಟ್ಟು, ಚೆಂಡಿಗೆ ಬದಲು ‘ಪಕ್’ ಎಂಬ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಅಟ್ಟಿಕೊಂಡು ಹೋಗುವ ಆಟವೇ ಅಲ್ಲಿನವರ ಹಾಕಿ. ನಮ್ಮ ಓಣಿ ಓಣಿಗೆ ಕ್ರಿಕೆಟ್ ಹೇಗೋ ಅವರ ಕೆರೆಕುಂಟೆಗಳಿಗೆ ಐಸ್ ಹಾಕಿ ಹಾಗೆ.

ಈ ಆಟದ ವೇಗ ಬಾಯಲ್ಲಿ ಹೇಳಿ ತಿಳಿಸುವಂಥದಲ್ಲ. ಬಿಲ್ಲೆ ಕೋಲಿನಿಂದ ಸಿಡಿದು ಬಲೆಗೆ ಬೀಳುವಷ್ಟರಲ್ಲಿ ರೆಪ್ಪೆ ಬಡಿದವನಿಗೆ ಗೋಲು ಕಂಡೀತೆಂಬ ಭರವಸೆಯಿಲ್ಲ. ಮೇಲಾಗಿ, ಬಯಲಿನಲ್ಲಿ ಆಡಿದ ಕಣ ವಸಂತ ಬಂದೊಡನೆ ನೀರಾಗಿ ಹರಿದುಹೋಗುತ್ತದೆ. ಆಟಗಾರರ ಅಲಗು ಮೂಡಿಸಿದ ಗೀರುಗಳೂ ಆ ನೀರಿನೊಡನೆಯೇ ಹೋಗುತ್ತವೆ. ಇಂಥ ಆಟದ ಚರಿತ್ರೆಗೆ ಚಲಚ್ಚಿತ್ರಕ್ಕಿಂತ ಮಿಗಿಲಾದ ಸಾಕ್ಷಿ ಯಾವುದಿದ್ದೀತು? ಆದರೆ ಆ ಸಾಕ್ಷಿಯೂ ಚಿರಂಜೀವಿಯಲ್ಲ. ಅದು ಸುಡುತ್ತದೆ, ಹುಳಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಕೊನೆಗೆ ಕಸದ ತೊಟ್ಟಿಯನ್ನೂ ಸೇರುತ್ತದೆ. ಅದನ್ನು ಕಳೆದುಕೊಂಡವರ ಮತ್ತು ಉಳಿಸಿಕೊಂಡವರ ಕಥೆಯನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೇಳಿದವರುಂಟು, ಕಂಡವರಿಲ್ಲ

1875ನೆಯ ಇಸವಿ ಮಾರ್ಚ್ 3ರಂದು ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಎಂಬಲ್ಲಿ, ಜೇಮ್ಸ್ ಕ್ರೈಟನ್ ಎಂಬವರ ಮುಂದಾಳುತನದಲ್ಲಿ, ಎರಡು ತಂಡಗಳು ಮಾಡಿನ ಕೆಳಗೆ ಕ್ರಮಬದ್ಧವಾಗಿ ಆಡಿದ ಪಂದ್ಯವನ್ನೇ ಇಂದಿನ ಐಸ್ ಹಾಕಿಯ ನಾಂದಿ ಎಂದು ಚರಿತ್ರಕಾರರು ಎಣಿಸುತ್ತಾರೆ. 1892ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ಒಂದು ಬೆಳ್ಳಿಯ ಬಟ್ಟಲನ್ನು ಬಹುಮಾನವಾಗಿ ಕೊಡಿಸಿದರು. 1893ರಿಂದ ಗೆದ್ದವರ ಕೈಸೇರುತ್ತ ಬಂದ ಆ ‘ಸ್ಟ್ಯಾನ್ಲಿ ಕಪ್’ ಇಂದಿಗೂ ಆ ಆಟದ ಪರಮಪದವಿ.

ಈ ಬಟ್ಟಲಿಗಾಗಿ ನಡೆದ ಸಾಹಸಗಳಲ್ಲಿ 1905ರದು ಮೈನವಿರೇಳಿಸುವಂಥದು. ಕೆನಡಾದ ವಾಯವ್ಯದ ಮೂಲೆಯಲ್ಲಿ, ಯೂಕಾನ್ ನದಿಯ ದಡದಲ್ಲಿ, ಡಾಸನ್ ಎಂಬ ಪಟ್ಟಣವಿದೆ. 1896ರಲ್ಲಿ ಆ ಸೀಮೆಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ, ಎರಡೇ ವರ್ಷದಲ್ಲಿ ಅಲ್ಲಿ ಸಾವಿರಾರು ಜನ ನೆರೆದಿದ್ದರು. ಆ ಊರಿನ ಹುಡುಗರು ರಾಜಧಾನಿ ಒಟ್ಟಾವಾದ ಬಲಿಷ್ಠ ತಂಡಕ್ಕೇ ಸವಾಲು ಹಾಕಿದರು. 1904ರ ಡಿಸೆಂಬರಿನಲ್ಲಿ ಹೊರಟವರು ಕೆಲವು ದೂರ ನಡೆದು, ಕೆಲವು ದೂರ ನಾಯಿಗಳೆಳೆಯುವ ಜಾರುಬಂಡಿಯ ಆಸರೆಯಿಂದ, ಬಳಿಕ ರೈಲು, ಹಡಗು, ಮತ್ತೆ ರೈಲು ಹಿಡಿದು, ಸುಮಾರು 4000 ಮೈಲಿ ಕ್ರಮಿಸಿ ಒಟ್ಟಾವಾ ಮುಟ್ಟಿದರು. ದಣಿವಾರಿಸಿಕೊಳ್ಳಲು ಎರಡು ದಿನವೂ ಸರಿಯಾಗಿ ಸಿಗಲಿಲ್ಲ. ಮೊದಲ ಪಂದ್ಯವನ್ನು 9–2ರಿಂದ ಸೋತರು; ಎರಡನೆಯದನ್ನು 23–2ರಿಂದ! ಆ 23 ಗೋಲುಗಳಲ್ಲಿ 14ನ್ನು ಫ್ರಾಂಕ್ ಮೆಕ್‌ಗೀ ಎಂಬ ಒಬ್ಬನೇ ಹೊಡೆದ. ಆತನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಸ್ಟ್ಯಾನ್ಲಿ ಕಪ್ಪಿನ ಪಂದ್ಯವೊಂದರಲ್ಲಿ ಆ ದಾಖಲೆಯನ್ನು ಯಾರೂ ಮುರಿದಿಲ್ಲ.

ಆ ಹದಿನಾಲ್ಕು ಗೋಲುಗಳು ಬಂದದ್ದು ಹೇಗೆ? ಮೆಕ್‌ಗೀ ಎಡಕ್ಕೆ ತಿರುಗಿದನೇ, ಬಲಕ್ಕೆ ತಿರುಗಿದನೇ? ಒಕ್ಕಣ್ಣನಾಗಿ ಬಿಲ್ಲೆಯನ್ನು ಹೇಗೆ ಗುರಿಯಿಟ್ಟ? ಪತ್ರಿಕೆಗಳ ಹಳೆಯ ಹಾಳೆಗಳಲ್ಲಿ ಅಂಕಿಗಳಿವೆ, ಹೊಗಳಿಕೆಯಿದೆ. ಆದರೆ ಓಟದ ಸೊಬಗನ್ನು ಅಂಕಿ ಹೇಳಲಾರದು. 1916ರಲ್ಲಿ ಆತ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದ ಮೇಲೆ ಮಡಿದ. ಆತನ ಆಟ ಆತನೊಡನೆಯೇ ಹೋಯಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಮನಸ್ಸಿಗೆ ನಾಟುವಂಥದು. 1895ರಲ್ಲಿ ಕೆನಡಾದ ಪೂರ್ವತೀರದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಕರಿಯ ಜನಾಂಗದವರು ತಮ್ಮದೇ ಹಾಕಿ ತಂಡಗಳನ್ನು ಕಟ್ಟಿಕೊಂಡು ಪಂದ್ಯಗಳನ್ನು ಏರ್ಪಡಿಸಿದರು. ಬಿಳಿಯರ ದೊಡ್ಡ ಲೀಗಿನಲ್ಲಿ ಕರಿಯ ಆಟಗಾರನೊಬ್ಬ, ವಿಲ್ಲಿ ಓರೀ, ಮೊದಲು ಕಣಕ್ಕಿಳಿದದ್ದು 1958ರಲ್ಲಿ; ಎಂದರೆ ಅರುವತ್ತಮೂರು ವರ್ಷಗಳ ತರುವಾಯ. ಕೋಲನ್ನು ಎತ್ತಿ ಬೀಸಿ ಬಿಲ್ಲೆಗೆ ಬಡಿಯುವ ‘ಸ್ಲ್ಯಾಪ್ ಶಾಟ್’ ಎಂಬ ಹೊಡೆತವನ್ನು ಪ್ರಸಿದ್ಧಿಗೆ ತಂದವನೆಂದು 1950ರ ದಶಕದ ಮಾಂಟ್ರಿಯಲ್ ಆಟಗಾರ ಬರ್ನಿ ಜೆಫ್ರಿಯನ್‌ನ ಹೆಸರು ಹೇಳುವುದು ವಾಡಿಕೆ. ಆದರೆ ಹ್ಯಾಲಿಫ್ಯಾಕ್ಸಿನ ಕರಿಯರ ತಂಡದ ಎಡ್ಡಿ ಮಾರ್ಟಿನ್ ಎಂಬಾತ ಅದಕ್ಕೂ ಅರ್ಧ ಶತಮಾನದ ಹಿಂದೆಯೇ ಆ ಹೊಡೆತ ಹೊಡೆಯುತ್ತಿದ್ದನೆಂದು ಕೆಲವು ಚರಿತ್ರಕಾರರು ವಾದಿಸುತ್ತಾರೆ. ಮಾರ್ಟಿನ್ ಆಡುತ್ತಿದ್ದ ಒಂದು ನಿಮಿಷದ ಸುರುಳಿ ಕೈಯಲ್ಲಿದ್ದರೆ ಸಾಕಿತ್ತು, ವಾದ ಅಲ್ಲಿಗೆ ಮುಗಿಯುತ್ತಿತ್ತು. ಯಾರ ಮುಂದೆ ಕ್ಯಾಮೆರಾ ನಿಂತಿತು, ಯಾರ ಮುಂದೆ ನಿಲ್ಲಲಿಲ್ಲ ಎಂಬುದೂ ಚರಿತ್ರೆಯ ಒಂದು ಭಾಗವೇ ಅಲ್ಲವೇ?

ಒಡಲಲ್ಲೇ ಬೆಂಕಿ

ಚಲಚ್ಚಿತ್ರ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕ್ಯಾಮೆರಾ ಐಸ್ ಹಾಕಿಯ ಕಡೆಗೂ ತಿರುಗಿತು. ಅಮೆರಿಕದ ಎಡಿಸನ್ ಕಂಪನಿ 1898ರಲ್ಲಿ ತೆಗೆದ ತೀರ ಚಿಕ್ಕ ಚಿತ್ರವೊಂದು ಉಳಿದುಬಂದಿದೆ. ಆಟಗಾರರು ಬಿಲ್ಲೆಗಾಗಿ ಮುಗಿಬೀಳುವುದಷ್ಟೇ ಅದರಲ್ಲಿರುವುದು. ಆದರೆ ಹಾಕಿಯ ಚರಿತ್ರಕಾರರಿಗೆ ಅದು ತಾಮ್ರಶಾಸನಕ್ಕೆ ಸಮಾನ.

ಆ ಕಾಲದ ಫಿಲ್ಮಿನ ಗುಣವೇ ವಿಚಿತ್ರ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಮಾಡಿದ ‘ನೈಟ್ರೇಟ್’ ಪಟ್ಟಿ ಅದು. ತೋಪಿನ ಮದ್ದಿಗೆ ಬಳಸುತ್ತಿದ್ದ ಗನ್‌ಕಾಟನ್ನಿನ ದಾಯಾದಿ. ಉರಿಯಲು ಬೇಕಾದ ಆಮ್ಲಜನಕ ಅದರ ಒಡಲಲ್ಲೇ ಇರುವುದರಿಂದ ಒಮ್ಮೆ ಹೊತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಪರದೆಯ ಮೇಲೆ ಅದರ ಬಿಂಬ ಬೆಳ್ಳಿಯಂತೆ ಹೊಳೆಯುತ್ತಿತ್ತೆಂದು ಬಲ್ಲವರು ಹೊಗಳುತ್ತಾರೆ. ಅದನ್ನು ಇರಿಸಿಕೊಂಡವರ ಪಾಡು ಮಾತ್ರ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ. 1950ರ ದಶಕದ ಮೊದಲಿನಲ್ಲಿ ಕೊಡಕ್ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಅಷ್ಟರಲ್ಲಿ ಅರ್ಧ ಶತಮಾನದ ಚಿತ್ರಗಳು ಆ ಪಟ್ಟಿಯ ಮೇಲೆ ಮೂಡಿದ್ದವು. 1967ರ ಜುಲೈ ತಿಂಗಳಲ್ಲಿ ಮಾಂಟ್ರಿಯಲ್ ಬಳಿಯ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದು ಕೆನಡಾದ ಹಳೆಯ ಚಿತ್ರಗಳ ದೊಡ್ಡ ಪಾಲು ಬೂದಿಯಾಯಿತು.

ನೈಟ್ರೇಟಿನ ಜಾಗಕ್ಕೆ ಬಂದ ಅಸಿಟೇಟ್ ಫಿಲ್ಮು ಹೊತ್ತಿ ಉರಿಯದಿದ್ದರೂ, ಸೆಕೆ ಮತ್ತು ತೇವಗಳಲ್ಲಿ ನಿಧಾನವಾಗಿ ಹುಳಿಯುತ್ತದೆ. ಡಬ್ಬಿಯ ಮುಚ್ಚಳ ತೆರೆದೊಡನೆ ವಿನಿಗರಿನ ವಾಸನೆ ಮೂಗಿಗೆ ಬಡಿದರೆ ಅದಕ್ಕೆ ರೋಗ ತಗಲಿತೆಂದೇ ತಿಳಿಯಬೇಕು. ಒಂದು ಡಬ್ಬಿಯ ರೋಗ ಪಕ್ಕದ ಡಬ್ಬಿಗೂ ಹರಡುತ್ತದೆ. ಇದಕ್ಕೆ ಔಷಧವಿಲ್ಲ, ತಂಪಾದ, ಒಣಗಿದ ಕೋಣೆಯಲ್ಲಿಟ್ಟರೆ ರೋಗದ ನಡಿಗೆ ನಿಧಾನವಾಗುತ್ತದೆ, ಅಷ್ಟೆ.

ಜಾಗ್ರತೆಯಿಂದ ಕಾಪಾಡಿದ್ದರ ಫಲವನ್ನು ಕಾಣಬೇಕಾದರೆ 1924ರ ಮೂಕಚಿತ್ರವನ್ನು ನೋಡಬೇಕು. ಆ ವರ್ಷ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದು, ಕೆನಡಾದ ತಂಡ ಸ್ವಿಟ್ಜರ್‌ಲೆಂಡನ್ನು 33–0ರಿಂದ ಸೋಲಿಸಿ, ಕೊನೆಯ ಪಂದ್ಯದಲ್ಲಿ ಅಮೆರಿಕವನ್ನು 6–1ರಿಂದ ಗೆದ್ದು ಚಿನ್ನ ಪಡೆಯಿತು. ಆ ಕ್ರೀಡೋತ್ಸವದ ಚಿತ್ರವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಉಳಿದ ಒಲಿಂಪಿಕ್ ಚಿತ್ರಗಳೊಡನೆ ದುರಸ್ತಿ ಮಾಡಿಸಿ, 2017ರಲ್ಲಿ ಎಲ್ಲರೂ ನೋಡುವಂತೆ ಹೊರತಂದಿತು. ಬೆಟ್ಟದ ಬುಡದ ಬಯಲು ಕಣದಲ್ಲಿ, ಉಣ್ಣೆಯ ಅಂಗಿ ತೊಟ್ಟು, ತಲೆಗೆ ರಕ್ಷಣೆಯಿಲ್ಲದೆ ಓಡಾಡಿದ ಆ ತರುಣರನ್ನು ನೂರು ವರ್ಷದ ಮೇಲೂ ಕಾಣಬಹುದಾಗಿದೆ.

ಕಣದ ಕೆಳಗಿನ ನಿಧಿ

ಈಗ ಡಾಸನ್ನಿಗೆ ಮರಳೋಣ. 1905ರಲ್ಲಿ ಸೋತು ಬಂದ ತಂಡದ ಆ ಊರಿಗೆ ಇನ್ನೊಂದು ಬಗೆಯ ಕೀರ್ತಿ ಕಾದಿತ್ತು.

ಚಿನ್ನದ ಹುಚ್ಚು ಇಳಿದ ಮೇಲೂ ಊರಿನಲ್ಲಿ ಉಳಿದವರಿಗೆ ಬೇಸರ ಕಳೆಯಲು ಸಿನಿಮಾ ಬೇಕಾಗಿತ್ತು. ಆದರೆ ಚಿತ್ರಗಳು ಊರೂರು ಸುತ್ತಿ ಡಾಸನ್ ತಲಪುವಾಗ ಎರಡು ಮೂರು ವರ್ಷ ಕಳೆದಿರುತ್ತಿದ್ದವು. ಅಲ್ಲಿಂದ ಮುಂದೆ ಊರಿಲ್ಲ. ಹಳತಾದ ಸುರುಳಿಗಳನ್ನು ಹಿಂದಕ್ಕೆ ತರಿಸಿಕೊಳ್ಳುವ ಖರ್ಚು ದಂಡವೆಂದು ಒಡೆಯರು ಅಲ್ಲಿಯೇ ಬಿಟ್ಟರು. ಊರಿನ ಬ್ಯಾಂಕಿನ ಸುಪರ್ದಿನಲ್ಲಿ, ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಸುರುಳಿಗಳು ರಾಶಿಬಿದ್ದವು. ಎಷ್ಟೋ ಸುರುಳಿಗಳನ್ನು ನದಿಗೆ ಎಸೆದರು, ಎಷ್ಟನ್ನೋ ಸುಟ್ಟರು.

ಊರಿನ ಕ್ರೀಡಾಸಂಘದ ಕಟ್ಟಡದಲ್ಲಿ ಒಂದು ಈಜುಕೊಳವಿತ್ತು. ಚಳಿಗಾಲದಲ್ಲಿ ಅದನ್ನು ಮುಚ್ಚಿ ಮೇಲೆ ನೀರು ಹರಿಸಿ ಹೆಪ್ಪುಗಟ್ಟಿಸಿದರೆ ಅದೇ ಹಾಕಿಯ ಕಣ. ಆದರೆ ಕೆಳಗೆ ಹಳ್ಳವಿದ್ದುದರಿಂದ ಮಂಜು ಒಂದೇ ಸಮನಾಗಿ ಕಟ್ಟುತ್ತಿರಲಿಲ್ಲ. 1929ರಲ್ಲಿ ಬ್ಯಾಂಕಿನ ನೌಕರ ಕ್ಲಿಫರ್ಡ್ ಥಾಮ್ಸನ್ ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದರು. ಅವರು ಊರಿನ ಹಾಕಿ ಸಂಘಕ್ಕೆ ಕೋಶಾಧಿಕಾರಿಯೂ ಆಗಿದ್ದರು. ನೆಲಮಾಳಿಗೆಯ ಸುರುಳಿಗಳನ್ನು ತರಿಸಿ ಕೊಳದಲ್ಲಿ ತುಂಬಿಸಿ, ಮೇಲೆ ಹಲಗೆ ಹೊದಿಸಿ, ಮಣ್ಣು ಹಾಕಿಸಿಬಿಟ್ಟರು. ಬ್ಯಾಂಕಿನ ತಲೆನೋವೂ ಹೋಯಿತು, ಹಾಕಿಯ ಕಣವೂ ಸಮವಾಯಿತು.

ಮುಂದೆ ಎಷ್ಟೋ ಕಾಲ ಆ ಊರಿನ ಮಕ್ಕಳು ಅದೇ ಕಣದಲ್ಲಿ ಆಡಿದರು. ಒಮ್ಮೊಮ್ಮೆ ಮಂಜಿನಿಂದ ಫಿಲ್ಮಿನ ತುದಿ ಹೊರಗೆ ಇಣುಕಿದರೆ ಮಕ್ಕಳು ಅದಕ್ಕೆ ಕಡ್ಡಿ ಗೀರಿ, ಭುಗ್ಗೆಂದು ಉರಿಯುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರಂತೆ!

1978ರಲ್ಲಿ ಹೊಸ ಕಟ್ಟಡಕ್ಕೆಂದು ಯಂತ್ರದಿಂದ ಆ ನೆಲವನ್ನು ಅಗೆಯುವಾಗ ಸುರುಳಿಗಳು ಎದ್ದುಬಂದವು. ವಿಷಯ ಒಟ್ಟಾವಾದ ಸರಕಾರಿ ಚಿತ್ರಸಂಗ್ರಹಾಲಯಕ್ಕೆ ಮುಟ್ಟಿ, ತಜ್ಞರು ಬಂದು ಒಂದೊಂದಾಗಿ ಎತ್ತಿದರು. ಹೊತ್ತಿಕೊಳ್ಳುವ ಈ ಸರಕನ್ನು ಸಾಗಿಸಲು ಸಾರಿಗೆಯವರು ಒಪ್ಪದೆ, ಕೊನೆಗೆ ಸೈನ್ಯದ ವಿಮಾನದಲ್ಲಿ ಅವನ್ನು ಒಟ್ಟಾವಾಕ್ಕೆ ಒಯ್ಯಬೇಕಾಯಿತು. ಹೀಗೆ ಉಳಿದವು 533 ಸುರುಳಿಗಳು. ಬೇರೆಲ್ಲಿಯೂ ಪ್ರತಿಯಿಲ್ಲದ ಮೂಕಚಿತ್ರಗಳು, ವಾರ್ತಾಚಿತ್ರಗಳು ಅವುಗಳಲ್ಲಿದ್ದವು. 1919ರ ಅಮೆರಿಕದ ಬೇಸ್‌ಬಾಲ್ ಮಹಾಪಂದ್ಯದಲ್ಲಿ ಕೆಲವು ಆಟಗಾರರು ಲಂಚ ತಿಂದು ಬೇಕೆಂದೇ ಸೋತರೆಂಬ ಅಪವಾದ ಬಂದಿತ್ತಷ್ಟೆ. ಆ ಪಂದ್ಯದ ದೃಶ್ಯಗಳೂ ಅಲ್ಲಿ ದೊರೆತವು. ನೀರು ಇಳಿದ ಸುರುಳಿಗಳ ಅಂಚಿನಲ್ಲಿ ಬಿಳಿಯ ಕಲೆಗಳು ಅಲೆಯಂತೆ ಕುಣಿಯುತ್ತವೆ. ನಡುವೆ ಮನುಷ್ಯರ ಮುಖಗಳು ನಿಚ್ಚಳವಾಗಿವೆ. ಬಿಲ್ ಮಾರಿಸನ್ ಎಂಬವರು 2016ರಲ್ಲಿ ಈ ಸುರುಳಿಗಳನ್ನೇ ಜೋಡಿಸಿ ಡಾಸನ್ನಿನ ಕಥೆಯನ್ನು ಚಿತ್ರವಾಗಿಸಿದರು.

ಕಾಪಾಡಬೇಕೆಂದು ಯಾರೂ ಹೂತದ್ದಲ್ಲ, ಆದರೂ ಉಳಿಯಿತು. ವರ್ಷವಿಡೀ ಕರಗದ ಅಲ್ಲಿನ ನೆಲದ ಚಳಿಯೇ ಕಾವಲುಗಾರನಾಯಿತು. ಇಂಥ ಅದೃಷ್ಟ ಎಲ್ಲ ಚಿತ್ರಗಳಿಗೂ ಬರುವುದಿಲ್ಲವೆಂದು ತಿಳಿದೇ ಕೆನಡಾ ಸರಕಾರ 2011ರಲ್ಲಿ ನೈಟ್ರೇಟ್ ಚಿತ್ರಗಳಿಗಾಗಿ ಒಟ್ಟಾವಾದಲ್ಲಿ ಪ್ರತ್ಯೇಕವಾದ ಶೀತಲ ಕಟ್ಟಡವನ್ನು ಕಟ್ಟಿಸಿತು. ಡಾಸನ್ನಿನ ನೆಲ ತಾನಾಗಿ ಮಾಡಿದ್ದನ್ನು ಮನುಷ್ಯ ಲೆಕ್ಕಹಾಕಿ ಮಾಡಿದ, ಅಷ್ಟೆ.

ಸುರುಳಿಯನ್ನು ಓದುವ ವಿದ್ಯೆ

ಸುರುಳಿ ಸಿಕ್ಕರೆ ಕೆಲಸ ಮುಗಿಯಿತೆಂದಲ್ಲ. ಹೆಸರಿಲ್ಲ, ತಾರೀಖಿಲ್ಲ, ಬರಿಯ ಓಡಾಟ. ಅದು ಯಾವ ಪಂದ್ಯ, ಯಾವ ವರ್ಷ? ಇಲ್ಲಿ ತಜ್ಞರು ಶಾಸನ ಓದುವವರಂತೆ ಗುರುತುಗಳನ್ನು ಹುಡುಕುತ್ತಾರೆ. ಕಣದಲ್ಲಿ ತಂಡಕ್ಕೆ ಏಳು ಜನರಿದ್ದರೆ ಅದು ಹಳೆಯ ಕಾಲದ್ದು. ಪೂರ್ವ ಕೆನಡಾದ ದೊಡ್ಡ ಲೀಗು ಏಳನೆಯವನನ್ನು 1911ರಲ್ಲಿ ಕೈಬಿಟ್ಟಿತು. ಬಿಲ್ಲೆಯನ್ನು ಕಣದ ಎಲ್ಲ ಭಾಗಗಳಲ್ಲೂ ಮುಂದಕ್ಕೆ ದಾಟಿಸುತ್ತಿದ್ದರೆ 1929ರ ನಂತರದ್ದು. ಕಣದ ನಡುವೆ ಗೆರೆ ಕಂಡರೆ, ಅದು 1943ರಲ್ಲಿ ಬಂದದ್ದು. ಗೋಲ್‌ಕೀಪರನ ಮುಖಕ್ಕೆ ಕವಚವಿದ್ದರೆ ಬಹುಮಟ್ಟಿಗೆ 1959ರ ನವೆಂಬರ್ 1ರ ಈಚಿನದು. ಅಂದು ನ್ಯೂಯಾರ್ಕಿನಲ್ಲಿ ಬಿಲ್ಲೆ ಬಡಿದು ಮುಖ ಸೀಳಿಸಿಕೊಂಡ ಮಾಂಟ್ರಿಯಲ್ಲಿನ ಜಾಕ್ ಪ್ಲಾಂಟ್, ಹೊಲಿಗೆ ಹಾಕಿಸಿಕೊಂಡು ಕವಚ ಧರಿಸಿಯೇ ಕಣಕ್ಕೆ ಮರಳಿದ. ಅಂಗಿಯ ಪಟ್ಟೆ, ಗೋಡೆಯ ಜಾಹೀರಾತು, ಪ್ರೇಕ್ಷಕರ ಟೋಪಿ, ಒಂದೊಂದೂ ಸಾಕ್ಷಿ ನುಡಿಯುತ್ತದೆ. ಆಟದ ನಿಯಮಗಳು ಬೆಳೆದ ಬಗೆಯನ್ನು ನೂರು ಪುಸ್ತಕ ಹೇಳುವುದಕ್ಕಿಂತ ಇಂಥ ನಾಲ್ಕು ಸುರುಳಿ ಚೆನ್ನಾಗಿ ತೋರಿಸಿಕೊಡುತ್ತದೆ.

ಮನೆಯೊಳಗೆ ಬಂದ ಆಟ

1923ರಿಂದ ಫಾಸ್ಟರ್ ಹ್ಯೂವಿಟ್ ಎಂಬವರು ರೇಡಿಯೋದಲ್ಲಿ ಪಂದ್ಯಗಳ ವರ್ಣನೆ ಹೇಳುತ್ತಿದ್ದರು; ಜನ ಕಿವಿಯಿಂದಲೇ ಆಟ ನೋಡುತ್ತಿದ್ದರು. 1952ರಲ್ಲಿ ಕೆನಡಾದಲ್ಲಿ ದೂರದರ್ಶನದ ಪ್ರಸಾರ ಆರಂಭವಾದ ಕೆಲವೇ ವಾರಗಳಲ್ಲಿ ಹಾಕಿ ಪಂದ್ಯ ಮನೆಯ ಪೆಟ್ಟಿಗೆಯೊಳಕ್ಕೆ ಬಂತು. ಆದರೆ ಆಗ ಪ್ರಸಾರವನ್ನು ಹಿಡಿದಿಡುವ ಟೇಪು ಇರಲಿಲ್ಲ. ದೂರದರ್ಶನದ ಗಾಜಿನ ಎದುರಿಗೇ ಸಿನಿಮಾ ಕ್ಯಾಮೆರಾ ಇಟ್ಟು ತೆಗೆದುಕೊಂಡರೆ ಉಂಟು, ಇಲ್ಲವಾದರೆ ಆ ರಾತ್ರಿಯ ಆಟ ಆ ರಾತ್ರಿಗೇ ಮುಗಿಯಿತು. 1956ರಲ್ಲಿ ವಿಡಿಯೋ ಟೇಪು ಬಂದ ಮೇಲೂ ಕಷ್ಟ ತೀರಲಿಲ್ಲ. ಟೇಪು ದುಬಾರಿ, ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಸುವುದು ಅನೇಕ ದೇಶಗಳ ಪ್ರಸಾರ ಕೇಂದ್ರಗಳ ವಾಡಿಕೆಯಾಗಿತ್ತು. ಸ್ಲೇಟಿನ ಮೇಲೆ ಬರೆದ ಕಾವ್ಯದಂತೆ ಎಷ್ಟೋ ಪಂದ್ಯಗಳು ಒರಸಿಹೋದವು.

ಉಳಿದದ್ದರ ಬೆಲೆ ತಿಳಿಯಲು 1972ರ ಸೆಪ್ಟೆಂಬರನ್ನು ನೆನೆಯಬೇಕು. ಕೆನಡಾ ಮತ್ತು ಸೋವಿಯತ್ ರಷ್ಯಾಗಳ ನಡುವೆ ಎಂಟು ಪಂದ್ಯಗಳು. ಮಾಂಟ್ರಿಯಲ್ಲಿನ ಮೊದಲ ಪಂದ್ಯದಲ್ಲೇ ರಷ್ಯನ್ನರು 7–3ರಿಂದ ಗೆದ್ದು ಕೆನಡಿಗರ ಗರ್ವ ಇಳಿಸಿದರು. ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ ಕೊನೆಯ ಪಂದ್ಯ. ಮೂರು ಭಾಗಗಳಲ್ಲಿ ಎರಡು ಮುಗಿದಾಗ ರಷ್ಯಾ 5–3ರಿಂದ ಮುಂದಿತ್ತು. ಮೂರನೆಯ ಭಾಗದಲ್ಲಿ ಕೆನಡಾ ಸರಿಗಟ್ಟಿತು; ಕೇವಲ 34 ಸೆಕೆಂಡು ಉಳಿದಿರುವಾಗ ಪಾಲ್ ಹೆಂಡರ್‌ಸನ್ ಆರನೆಯ ಗೋಲು ಹೊಡೆದ. ಮಾಸ್ಕೋದಿಂದ ಆ ಗೋಲನ್ನು ವರ್ಣಿಸಿದ ದನಿ ಅದೇ ಹ್ಯೂವಿಟ್ ಅವರದು. ಅಂದು ಹುಟ್ಟಿರದವರೂ ಇಂದು ಆ ಗೋಲನ್ನು ಬಲ್ಲರು. ಮೆಕ್‌ಗೀಯ ಹದಿನಾಲ್ಕು ಗೋಲುಗಳನ್ನು ಓದಬೇಕು. ಹೆಂಡರ್‌ಸನ್ನನ ಒಂದು ಗೋಲನ್ನು ನೋಡಬಹುದು. ಎರಡಕ್ಕೂ ಇರುವ ಅಂತರವೇ ಈ ಲೇಖನದ ಸಾರ.

ನಮ್ಮ ಪಾಲಿನ ಪಾಠ

ಐಸ್ ಹಾಕಿ ನಮಗೆ ಪೂರಾ ಪರಕೀಯವೂ ಅಲ್ಲ. ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ದಶಕಗಳಿಂದ ಈ ಆಟ ನಡೆದಿದೆ. ಬಹುಪಾಲು ಲಡಾಖಿನ ಹುಡುಗಿಯರೇ ಇರುವ ಭಾರತದ ಮಹಿಳಾ ತಂಡ 2025ರ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಗೆದ್ದಿತು. ಅವರ ಮೊದಲ ದಿನಗಳನ್ನು ಯಾರ ಫೋನು, ಯಾರ ಕ್ಯಾಮೆರಾ ಹಿಡಿದಿದೆಯೋ, ಅದು ನಾಳಿನ ಚರಿತ್ರೆ.

ಚಿತ್ರ ಕಳೆದುಕೊಳ್ಳುವ ನೋವನ್ನಂತೂ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಕೊಲ್ಲಾಪುರದಲ್ಲಿ ತಯಾರಾಗಿ ಕನ್ನಡ ನಾಡಿನ ಜನ ನೆರೆದು ನೋಡಿದ ಆ ಚಿತ್ರ ಇಂದು ಹೆಸರಾಗಿ, ಕೆಲವು ಸ್ಥಿರಚಿತ್ರಗಳಾಗಿ ಮಾತ್ರ ಉಳಿದಿದೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿ, ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕಲೆಹಾಕಿದರು. ಅಷ್ಟರಲ್ಲಿ ಕಾಲ ಮಿಂಚಿದ್ದ ಚಿತ್ರಗಳೆಷ್ಟೋ! 2003ರ ಜನವರಿಯಲ್ಲಿ ಪುಣೆಯಲ್ಲೇ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ತಗಲಿ ಮತ್ತಷ್ಟು ಹೋದವು.

ಇನ್ನು ನಮ್ಮ ಮನೆಗಳ ಮಾತು. ಹೊಟ್ಟೆಪಾಡಿಗೆ ಹೊರನಾಡು ಸೇರಿದ ನಮ್ಮ ಸಂಸಾರಗಳ ಅಟ್ಟದ ಮೇಲೆ ವಿಡಿಯೋ ಕ್ಯಾಸೆಟ್ಟುಗಳು ಕುಳಿತಿವೆ: ಸಂಘದ ರಾಜ್ಯೋತ್ಸವದ ನಾಟಕ, ಹಿರಿಯರ ಷಷ್ಟ್ಯಬ್ದಿ, ಊರಿನ ತೇರು. ಮುಂಬಯಿ, ಚೆನ್ನೈಗಳ ತೇವಕ್ಕೆ ಅವುಗಳ ಮೇಲೆ ಬೂಷ್ಟು ಏರುತ್ತದೆ. ಬೂಷ್ಟು ಹಿಡಿದದ್ದನ್ನು ಹಾಗೆಯೇ ಯಂತ್ರಕ್ಕೆ ತುರುಕಿದರೆ ಟೇಪೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ. ಅವನ್ನು ಓಡಿಸುವ ಯಂತ್ರಗಳಾದರೋ ದಿನೇ ದಿನೇ ಅಪರೂಪವಾಗುತ್ತಿವೆ. ಆದುದರಿಂದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟು: ಕ್ಯಾಸೆಟ್ಟನ್ನು ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಲ್ಲವರಿಂದ ಶುಚಿಮಾಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದು ಪ್ರತಿಯನ್ನು ನಿಮ್ಮಲ್ಲೂ ಇನ್ನೊಂದನ್ನು ಬೇರೆ ಊರಿನ ಬಂಧುಗಳಲ್ಲೂ ಇರಿಸಿ. ಪ್ರತಿ ಮಾಡಿದ ಮೇಲೂ ಮೂಲವನ್ನು ಎಸೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಮನೆಯ ಹಿರಿಯರನ್ನು ಕೇಳಿ ಈಗಲೇ ಬರೆದಿಡಿ. ಹಾಕಿಯ ಸುರುಳಿಗಾದರೆ ಕಣದ ನಡುಗೆರೆ ನೋಡಿ ವರ್ಷ ಹೇಳುವ ತಜ್ಞರಿದ್ದಾರೆ. ನಮ್ಮ ನಾಟಕದಲ್ಲಿ ಮೂರನೆಯ ಸಾಲಿನಲ್ಲಿ ನಿಂತು ನಗುತ್ತಿರುವ ಅಜ್ಜಿ ಯಾರೆಂದು ಹೇಳಬಲ್ಲವರು ನಮ್ಮ ಮನೆಯವರಲ್ಲದೆ ಬೇರೆ ಯಾರೂ ಇಲ್ಲ.